ಪಂಪ್ ಬಂದ್ ಇದ್ದಾಗ ಓಡಿದ ನಾಡಿ

ಇಂಥ ಕಥೆ ಹೇಳುವವರನ್ನು ನಾನು ಬಹಳ ವರ್ಷ ಆಡಿಕೊಂಡು ನಕ್ಕಿದ್ದೇನೆ. ಬರೀ ನಕ್ಕಿಲ್ಲ, ಅವರ ಹಾಗೆ ಮಾಡಿಯೂ ತೋರಿಸಿದ್ದೇನೆ. ಮೊದಲು ದನಿ ಇಳಿಸಬೇಕು, ಆಮೇಲೆ ಕಣ್ಣು ಅಗಲಿಸಬೇಕು, ‘ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ’ ಅನ್ನಬೇಕು, ಹಿಂದಕ್ಕೆ ಒಮ್ಮೆ ತಿರುಗಿ ನೋಡಬೇಕು. ನನ್ನ ಸೋದರಮಾವ ಹುಣಸೆ ಮರದ ಕೆಳಗೆ ಏನನ್ನೋ ಕಂಡದ್ದನ್ನು ಹೇಳುವ ಪರಿಯನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಮದುವೆ ಮನೆಗಳಲ್ಲಿ ಜನ ಮಾವನನ್ನು ಬಿಟ್ಟು ನನ್ನನ್ನೇ ಕರೆದು ಕೂರಿಸಿ ಕೇಳುತ್ತಿದ್ದರು. ಮಾವ ನನ್ನ ಜೊತೆ ಮಾತು ಬಿಟ್ಟ. ಈ ಬರಹ ಅವನ ಕೈಗೆ ಸಿಕ್ಕರೆ ಅವನಷ್ಟು ಸುಖಿ ಈ ಜಿಲ್ಲೆಯಲ್ಲಿ ಯಾರೂ ಇರಲಿಕ್ಕಿಲ್ಲ.

ಅದೂ ಅಲ್ಲದೆ ನನ್ನ ಕಥೆಗೆ ಬೇಕಾದ ಸಾಮಾನೇ ನನ್ನ ಹತ್ತಿರ ಇಲ್ಲ. ರಾತ್ರಿ ಇಲ್ಲ, ಹುಣಸೆ ಮರ ಇಲ್ಲ. ಕಲಬುರಗಿಯ ಬೇಸಿಗೆಯ ನಡುಮಧ್ಯಾಹ್ನ, ಸ್ಪಿರಿಟಿನ ವಾಸನೆ ಹೊಡೆಯುವ ಒಂದು ಪ್ರಯೋಗಾಲಯ, ನನ್ನ ಹೊಟ್ಟೆಯೊಳಗೆ ಮೊಸರನ್ನ. ಇಷ್ಟರಲ್ಲಿ ಯಾರನ್ನು ಹೆದರಿಸಲಿ? ಒಬ್ಬ ಹೆಣ್ಣುಮಗಳ ಜೀವ ಇದರಲ್ಲಿ ಸಿಕ್ಕಿಕೊಳ್ಳದೆ ಇದ್ದಿದ್ದರೆ ನಾನು ಇದನ್ನೂ ತಮಾಷೆ ಮಾಡಿ ಮುಗಿಸುತ್ತಿದ್ದೆ. ಸಿಕ್ಕಿಕೊಂಡಿತ್ತು. ಅದಕ್ಕೇ ಸಿಟ್ಟು.

ಆಗ ನಾನು ಸಂಶೋಧನಾ ವಿದ್ಯಾರ್ಥಿ. ಏನು ಸಂಶೋಧನೆ ಅಂತ ಖೂಬಾ ಪ್ಲಾಟಿನ ನಮ್ಮ ಮನೆ ಮಾಲೀಕರು ಒಮ್ಮೆ ಕೇಳಿದ್ದರು. ‘ಲೋಳೆ’ ಅಂದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ಲೋಳೆ ಅಂದರೆ ಇದು. ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಿ ಗೊನೆ ಕಡಿದ ಮೇಲೆ ಬೊಡ್ಡೆಗಳು ಅಲ್ಲಲ್ಲೇ ಬಿದ್ದು ಕೊಳೆಯುತ್ತವೆ. ಆ ಕೊಳಕು ನೀರಿನೊಳಗೆ ಒಂದು ಬ್ಯಾಕ್ಟೀರಿಯಾ ಇದೆ. ಅದಕ್ಕೆ ಸಕ್ಕರೆ ಹೊಟ್ಟೆ ತುಂಬ ಕೊಟ್ಟು ಸಾರಜನಕಕ್ಕೆ ಮಾತ್ರ ಉಪವಾಸ ಕೆಡವಿದರೆ, ಅದಕ್ಕೆ ಸಂಸಾರ ಬೆಳೆಸಲೂ ಆಗುವುದಿಲ್ಲ, ಸುಮ್ಮನಿರಲೂ ಆಗುವುದಿಲ್ಲ. ಸಿಕ್ಕ ಸಕ್ಕರೆಯನ್ನೆಲ್ಲ ಉದ್ದುದ್ದ ಎಳೆಯಾಗಿ ಹೊಸೆದು ಮೈಸುತ್ತ ಕೌದಿಯ ಹಾಗೆ ಹೊದ್ದುಕೊಳ್ಳುತ್ತದೆ. ಪುಸ್ತಕದಲ್ಲಿ ಆ ಎಳೆಗೆ ಪಾಲಿಮರ್ ಅಂತ ಹೆಸರು, ಕೈಗೆ ಮೆತ್ತಿಕೊಂಡರೆ ಲೋಳೆ. ಅದನ್ನು ಬೇರ್ಪಡಿಸಿ, ತೊಳೆದು, ನೀರಿನಲ್ಲಿ ಕರಗಿಸಿದರೆ ಒಂದು ಸೋಜಿಗದ ದ್ರವ ಸಿಗುತ್ತದೆ. ಜೋರಾಗಿ ಹರಿಸಿದರೆ ತೆಳ್ಳಗಾಗುತ್ತದೆ, ನಿಧಾನ ಮಾಡಿದರೆ ದಪ್ಪಗಾಗುತ್ತದೆ. ನಮ್ಮ ಮೈಯ ರಕ್ತದ ಸ್ವಭಾವವೂ ಇದೇ. ಅಂದರೆ ನಾನು ಮಾಡಲು ಹೊರಟದ್ದು ನಕಲಿ ರಕ್ತ. ನಕಲು ಮಾಡುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ ಎಂಬುದು ನನ್ನ ಗೈಡ್ ಆಗಿದ್ದ ಮೇಡಂ ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಮೇಜಿನ ಮೇಲೆ ಮೆತ್ತನೆಯ ಒಂದು ರಬ್ಬರ್ ನಳಿಗೆ ಸುರುಳಿ ಸುತ್ತಿಕೊಂಡು ಮಲಗಿತ್ತು, ಅದು ಧಮನಿ. ಅದರೊಳಗೆ ನನ್ನ ಲೋಳೆಯ ದ್ರವ. ಒಂದು ತುದಿಗೆ ಪಂಪ್. ನಡುವೆ ನಳಿಗೆಗೆ ಕಚ್ಚಿಕೊಂಡ ಒಂದು ಸೆನ್ಸರ್. ನಳಿಗೆ ಉಬ್ಬಿ ಇಳಿದದ್ದನ್ನು ಅದು ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಜೀವಂತ ಮನುಷ್ಯರ ಬೆರಳಿಗೆ ಕ್ಲಿಪ್ ಹಾಕಿ ನಾಡಿ ದಾಖಲು ಮಾಡಿಕೊಳ್ಳುವುದು, ಅದೇ ನಾಡಿಯಂತೆ ಪಂಪನ್ನು ಓಡಿಸುವುದು, ನಳಿಗೆಯೊಳಗೂ ಅದೇ ಗೆರೆ ಬರುತ್ತದೋ ನೋಡುವುದು. ಬಂದರೆ, ಆಸ್ಪತ್ರೆಯ ಹೊಸ ಯಂತ್ರಗಳನ್ನು ರೋಗಿಗಳ ಮೇಲೆ ಹಚ್ಚುವ ಮೊದಲು ಈ ನಳಿಗೆಯ ಮೇಲೆ ಹಚ್ಚಿ ನೋಡಬಹುದು.

ಬಂದರೆ. ಆದರೆ ಬರುತ್ತಿರಲಿಲ್ಲ. ಆ ಬ್ಯಾಕ್ಟೀರಿಯಾಗಳಿಗೆ ಒಂದು ದುರ್ಬುದ್ಧಿ. ಸಕ್ಕರೆ ತೀರಿತೋ, ತಾವು ಹೊಲಿದ ಕೌದಿಯನ್ನೇ ಹರಿದು ತಿನ್ನುತ್ತವೆ. ಹರಿಯಲು ಅವು ಬಿಡುವ ರಸ ಎಷ್ಟು ತೊಳೆದರೂ ಚೂರು ಉಳಿಯುತ್ತಿತ್ತು. ಬೆಳಿಗ್ಗೆ ಜೇನಿನ ಹಾಗಿದ್ದ ದ್ರವ ಮರುದಿನ ಮಜ್ಜಿಗೆಯ ಮೇಲಿನ ತಿಳಿ. ನಾನು ಮತ್ತೆ ಬೆಳೆಸುತ್ತಿದ್ದೆ, ಮತ್ತೆ ತೊಳೆಯುತ್ತಿದ್ದೆ, ಮತ್ತೆ ತಿಳಿ. ಮೇಡಂ ಮೈಸೂರು ಕಡೆಯವರು, ಮಾತು ಕಡಿಮೆ. ಪ್ರತಿ ಸಲವೂ ಗೆರೆ ನೋಡಿ, ಕನ್ನಡಕ ತೆಗೆದು, ‘ಮತ್ತೊಮ್ಮೆ ಮಾಡು’ ಅನ್ನುತ್ತಿದ್ದರು. ಒಂದು ಸಲ ಆದದ್ದು ಅವರ ಲೆಕ್ಕದಲ್ಲಿ ಆದದ್ದೇ ಅಲ್ಲ. ಅವರ ‘ಮತ್ತೊಮ್ಮೆ’ಯನ್ನು ನಾನು ಎಷ್ಟು ಚೆನ್ನಾಗಿ ಅನ್ನುತ್ತಿದ್ದೆನೆಂದರೆ, ಪಕ್ಕದ ಕೋಣೆಯವರು ಗಾಬರಿಯಾಗಿ ತಮ್ಮ ಪ್ರಯೋಗವನ್ನು ಮೊದಲಿನಿಂದ ಶುರು ಮಾಡಿದ್ದುಂಟು.

ಆ ಕೋಣೆಯಲ್ಲಿ ನನ್ನ ಜೊತೆಗಿದ್ದವಳು ಸಮೀನಾ. ಮೋಮಿನಪುರದವಳು, ದಖನಿ ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಬೈಗುಳಕ್ಕೆ ಬಳಸುವವಳು. ಚಹಾದ ಹೊತ್ತಿನಲ್ಲಿ ನಮ್ಮದೊಂದು ಆಟವಿತ್ತು. ನೂರಾರು ನಾಡಿಗಳ ಗೆರೆ ನೋಡಿ ನೋಡಿ ನನಗೆ ಅವು ಮನುಷ್ಯರ ನಡಿಗೆಯ ಹಾಗೆ ಗುರುತಾಗಿಬಿಟ್ಟಿದ್ದವು. ಒಬ್ಬರದು ಕಾಲೆಳೆಯುತ್ತದೆ, ಒಬ್ಬರದು ಬಸ್ಸು ತಪ್ಪಿದವರಂತೆ ಓಡುತ್ತದೆ. ನಾನು ಮೇಜಿನ ಮೇಲೆ ಬೆರಳಿನಿಂದ ಬಡಿದು ಒಬ್ಬೊಬ್ಬರ ನಾಡಿ ಮಾಡುತ್ತಿದ್ದೆ, ಸಮೀನಾ ಯಾರದು ಅಂತ ಹೇಳಬೇಕು. ‘ನಿಂದು ಮಾಡು ನೋಡೋಣ’ ಅಂತ ಆಕೆ ಕೇಳಿದರೆ ನಾನು ಮೇಜಿನ ಕೆಳಗೆ ಬೆರಳು ಅಡಗಿಸುತ್ತಿದ್ದೆ. ಯಾಕೋ ಏನೋ, ನನ್ನದು ನನಗೆ ಬರುತ್ತಿರಲಿಲ್ಲ.

ನನ್ನ ಒಂದು ಕಿತಾಪತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ನನ್ನ ಕೊರಳಿಗೆ ಸುತ್ತಿಕೊಂಡದ್ದು ಅದೇ. ಒಂದು ದಿನ ಮೇಡಂ ಯಾರೋ ಅತಿಥಿಗಳನ್ನು ಕರೆದುಕೊಂಡು ಒಳಗೆ ಬಂದಾಗ, ಜೇಬಿನಲ್ಲಿದ್ದ ಫೋನಿನಿಂದ ಪಂಪ್ ಚಾಲು ಮಾಡಿ, ನಳಿಗೆ ತನ್ನಷ್ಟಕ್ಕೆ ಡವಡವ ಹೊಡೆದುಕೊಳ್ಳುವಂತೆ ಮಾಡಿ, ‘ಮೇಡಂ, ನೀವು ಬಂದ್ರಿ ಅಂತ ಅದಕ್ಕೂ ಎದಿ ಹೊಡ್ಕೊಳ್ಳಾಕತ್ತದ’ ಅಂದಿದ್ದೆ. ಅತಿಥಿಗಳು ನಕ್ಕರು. ಮೇಡಂ ನಗಲಿಲ್ಲ. ‘ಇನ್ನು ಮುಂದೆ ಈ ನಳಿಗೆಯಲ್ಲಿ ಏನೇ ಕಂಡರೂ ನಾನು ಮೊದಲು ನಿನ್ನ ಜೇಬು ನೋಡುತ್ತೇನೆ’ ಅಂದರು.

ಇನ್ನು ಆಯಿ. ನನ್ನ ಸ್ವಂತ ಅಜ್ಜಿ ಅಲ್ಲ, ಕಮಲಾಪುರದ ಗುರುಬಾಯಿ ಆಯಿ. ಲೋಳೆ ಸಿಕ್ಕದ್ದು ಆಕೆಯ ತೋಟದಲ್ಲೇ. ಹುಮನಾಬಾದ್ ರಸ್ತೆಗೆ ಹೊಂದಿ ತಗಡಿನ ಒಂದು ಶೆಡ್ಡು ಹಾಕಿಕೊಂಡು ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಕಾರು ನಿಲ್ಲಿಸಿ ‘ಇದೇನು ಬಣ್ಣ ಹಚ್ಚೀರೇನ್ರಿ?’ ಅಂತ ಕೇಳುವ ಗಿರಾಕಿಗಳಿಗೆ ‘ಹೌದ್ರಿ, ಮುಂಜಾನೆ ಎದ್ದು ಒಂದೊಂದಕ್ಕೂ ಹಚ್ಚತೀನ್ರಿ’ ಅನ್ನುವಂಥ ಹೆಣ್ಣು. ಮೊದಲ ದಿನ ನಾನು ಕೊಳೆತ ಬೊಡ್ಡೆಯ ನೀರನ್ನು ಶೀಶೆಗೆ ತುಂಬುತ್ತಿದ್ದಾಗ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

‘ಹಣ್ಣು ಬಿಟ್ಟು ಹೊಲಸ ಒಯ್ಯೋ ಗಿರಾಕಿ ನೀನೇ ಮೊದಲನೇದಂವ ನೋಡು ತಮ್ಮಾ. ಏನ್ ಓದೀಯಪಾ ನೀ?’

ನಾನು ಆಕೆಯ ದನಿಯಲ್ಲೇ ಆಕೆಯ ಮಾತನ್ನು ಆಕೆಗೇ ವಾಪಸು ಹೇಳಿದೆ. ಆಕೆ ಶೆಡ್ಡಿನ ಕಂಬ ಹಿಡಿದುಕೊಂಡು ನಕ್ಕಳು. ಅಂದಿನಿಂದ ನಾನು ಆಕೆಗೆ ‘ಖೋಡಿ’, ಅಂದರೆ ಕಿಡಿಗೇಡಿ. ನನ್ನ ಚೀಲದೊಳಗೆ ಬೆರಳಿಗೆ ಹಾಕುವ ಕ್ಲಿಪ್ ಕಂಡಾಗ ತಾನೇ ಕೈ ಮುಂದೆ ಮಾಡಿದಳು.

‘ಲೋಳಿ ಒಯ್ದಿ, ನನ್ನ ನಾಡಿನೂ ಒಯ್ಯಿ. ಕಲಬುರಗಿಯಾಗ ಒಂದು ಮನಿ ಮಾಡಬೇಕಂತ ಭಾಳ ದಿನದ ಆಸೆ. ನಿನ್ನ ನಳಿಗ್ಯಾಗರೆ ಮಾಡ್ದಂಗ ಆತು.’

ಆಕೆಯ ನಾಡಿಯಂಥ ನಾಡಿ ನನ್ನ ಸಂಗ್ರಹದಲ್ಲಿ ಇನ್ನೊಂದು ಇರಲಿಲ್ಲ. ನಾಲ್ಕಾರು ಹೆಜ್ಜೆ ಸರಿಯಾಗಿ ನಡೆದು, ಒಂದು ಹೆಜ್ಜೆ ಆತುರದಲ್ಲಿಟ್ಟು, ಆಮೇಲೆ ತುಸು ತಡೆದು, ಮುಂದಿನ ಹೆಜ್ಜೆಯನ್ನು ಭಾರವಾಗಿ ಊರುತ್ತಿತ್ತು. ತೋಟದ ಕಾಲುವೆ ದಾಟುವಾಗ ಸೀರೆ ಎತ್ತಿ ಹಿಡಿದು ಜಿಗಿಯುವವರ ಹಾಗೆ. ಡಾಕ್ಟರು ನೋಡಿದ್ದಾರೆಯೇ ಅಂತ ಕೇಳಿದೆ. ‘ನೋಡ್ಯಾರ, ಅದರಿಂದ ಏನೂ ಆಗಂಗಿಲ್ಲ ಅಂದಾರ. ನಿನ್ನ ನಳಿಗ್ಯಾಗ ಏನರೆ ಹೆಚ್ಚು ಕಡಿಮಿ ಕಂಡ್ರ ನೀ ಹೇಳು ಮತ್ತ’ ಅಂದಳು. ಹೇಳ್ತೀನಿ ಆಯಿ ಅಂದೆ. ಇಬ್ಬರೂ ಚೇಷ್ಟೆಗೆ ಆಡಿದ ಮಾತು.

ಆ ಬೇಸಿಗೆ ನನ್ನ ಲೋಳೆ ಹಿಂದೆಂದೂ ಇಲ್ಲದಷ್ಟು ಸತಾಯಿಸಿತು. ನನಗೆ ಕೊಟ್ಟಿದ್ದ ಅವಧಿ ಮುಗಿಯುತ್ತ ಬಂದಿತ್ತು. ಅಂದು ಮಧ್ಯಾಹ್ನ ಹೊಸದಾಗಿ ತೊಳೆದ ಒಂದು ಕಂತು ದ್ರವವನ್ನು ನಳಿಗೆಗೆ ತುಂಬಿ, ಹತ್ತು ಜನರ ನಾಡಿ ಹಾಕಿ ಓಡಿಸಿದೆ. ಎಲ್ಲರದೂ ಒಂದೇ ಹಾಗೆ ಸೊರಗಿದ ಗೆರೆ. ಅವರಲ್ಲಿದ್ದ ಒಬ್ಬ ಪೈಲ್ವಾನನ ನಾಡಿಯೂ ಜ್ವರದಿಂದ ಎದ್ದವನ ಹಾಗೆ. ಸಿಟ್ಟಿಗೆ ಪಂಪಿನ ವೈರನ್ನು ಗೋಡೆಯಿಂದ ಕಿತ್ತು ಎಸೆದೆ. ಸಮೀನಾ ಊಟಕ್ಕೆ ಮನೆಗೆ ಹೋಗಿದ್ದಳು. ನಾನು ಡಬ್ಬಿ ಬಿಚ್ಚಿ ಮೊಸರನ್ನ ತಿಂದೆ. ಅಷ್ಟರಲ್ಲಿ ಕರೆಂಟೂ ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲಿತ್ತು. ಸೆನ್ಸರಿಗೆ ಬೇಕಾದ ಕರೆಂಟು ಅದರಿಂದಲೇ. ಅದನ್ನು ಬಂದ್ ಮಾಡೋಣ ಅಂತ ಎದ್ದೆ.

ಪರದೆಯ ಮೇಲೆ ಗೆರೆ ನಡೆಯುತ್ತಿತ್ತು.

ನನಗೆ ಮೊದಲು ಬಂದದ್ದು ಹೆದರಿಕೆ ಅಲ್ಲ, ನಗೆ. ಸಮೀನಾ ನನ್ನ ಕೀಟಲೆಗಳಿಗೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ, ಯಾವುದೋ ಹಳೆಯ ಗೆರೆಯನ್ನು ಓಡಲು ಬಿಟ್ಟು ಹೋಗಿದ್ದಾಳೆ ಅಂದುಕೊಂಡೆ. ನೋಡಿದರೆ ಅದು ಹಳೆಯದಲ್ಲ, ಆ ಹೊತ್ತಿನದೇ. ಪಂಪ್ ನೋಡಿದೆ, ನಾನು ಎಸೆದ ವೈರು ನೆಲದ ಮೇಲೆ ಹಾಗೇ ಬಿದ್ದಿತ್ತು. ಸೆನ್ಸರನ್ನು ನಳಿಗೆಯಿಂದ ಬಿಡಿಸಿದೆ; ಗೆರೆ ಸಪಾಟಾಯಿತು. ಮತ್ತೆ ಕಚ್ಚಿಸಿದೆ, ನಡೆಯಿತು. ಇನ್ನು ಉಳಿದದ್ದು ಒಂದೇ ಅಂತ ನಳಿಗೆಯ ಮೇಲೆ ಬೆರಳಿಟ್ಟೆ. ಎಳೆಗೂಸಿನ ನೆತ್ತಿಯ ಮೇಲೆ ಕೈಯಿಟ್ಟವರಿಗೆ ಗೊತ್ತು, ಅಲ್ಲಿ ಒಳಗಿನಿಂದ ಏನೋ ಮೆಲ್ಲಗೆ ತಟ್ಟುತ್ತದೆ. ಹಾಗೆ ತಟ್ಟುತ್ತಿತ್ತು.

ನಾಲ್ಕಾರು ಹೆಜ್ಜೆ, ಒಂದು ಆತುರದ ಹೆಜ್ಜೆ, ತಡೆ, ಭಾರದ ಹೆಜ್ಜೆ. ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆಶ್ಚರ್ಯವೆಂದರೆ ಗೆರೆ ಅಷ್ಟು ಚೊಕ್ಕವಾಗಿತ್ತು. ವರ್ಷಗಟ್ಟಲೆ ನಾನು ಬೇಡಿಕೊಂಡ ಗೆರೆ ಅದು, ಪಂಪ್ ಹಚ್ಚಿ ಕಾಲಿಗೆ ಬಿದ್ದರೂ ಬಾರದ್ದು, ವೈರು ಕಿತ್ತೆಸೆದ ಮೇಲೆ ಬಂದಿತ್ತು. ನನಗೆ ಕೆಟ್ಟ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನೋಡುತ್ತ ನಿಂತಿದ್ದಾಗ ತಡೆ ಬರಬೇಕಾದಲ್ಲಿ ತಡೆ ಬಂತು, ಆದರೆ ಭಾರದ ಹೆಜ್ಜೆ ಬರಲಿಲ್ಲ. ಗೆರೆ ಸಪಾಟಾಗಿ ಹೋಗುತ್ತಲೇ ಇತ್ತು. ಕಾಲುವೆಯ ನಡುವೆ ಆಯಿ ನಿಂತುಬಿಟ್ಟಂತೆ. ಆಮೇಲೆ ಬಂತು, ದೊಪ್ಪೆಂದು.

ಫೋನು ಹಚ್ಚಿದೆ.

‘ಏನೋ ಖೋಡಿ, ಇಂಥಾ ಬಿಸಿಲಾಗ ನೆನಪಾದೆನೇನು?’ ಅಂದಳು ಆಯಿ. ಹಿಂದೆ ಲಾರಿಗಳ ಸದ್ದು. ಶೆಡ್ಡಿನಲ್ಲೇ ಇದ್ದಳು, ಗಟ್ಟಿಮುಟ್ಟಾಗಿ. ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಆದರೆ ಗೆರೆ ನನ್ನ ಮುಂದೆ ನಡೆಯುತ್ತಲೇ ಇತ್ತು.

‘ಆಯಿ, ಒಂದು ಕೆಲಸ ಮಾಡು. ಕುತ್ತಿಗಿ ಬಾಜುಕ್ಕ ಬೆರಳಿಟ್ಟು, ಒಂದೊಂದು ಸಲ ಬಡಿದಾಗ ಹೂಂ ಅನ್ನು.’

‘ಯಾಕೋ? ಮಾಡಾಕ ಕೆಲಸ ಇಲ್ಲೇನು ನಿನಗ?’

‘ಇಲ್ಲ. ಅನ್ನು ನೀ.’

ಅಂದಳು. ಹೂಂ. ಹೂಂ. ಹೂಂ. ಪರದೆಯ ಮೇಲೆ ಗೆರೆ ಏರಿದಾಗಲೆಲ್ಲ ಕಿವಿಯಲ್ಲಿ ಹೂಂ. ತಡೆ ಬಂದಲ್ಲಿ ಆಕೆಯೂ ತಡೆದಳು. ಇದು ನಡೆಯುತ್ತಿರುವಾಗ, ನಡುವೆ ಗೆರೆ ಏರದೆಯೇ ಎರಡು ಹೂಂ ಬಂದವು.

‘ಆಯಿ, ಈಗ ಸುಳ್ಳು ಹೂಂ ಅಂದಿ.’

‘ನಿನಗ ಹ್ಯಾಂಗ ಗೊತ್ತಾತೋ?’ ಅಂದಳು. ‘ಬ್ಯಾಸರಾತು, ನಿನ್ನ ಮಂಗ್ಯಾ ಮಾಡೋಣಂತ ಸುಮ್ಮನ ಅಂದೆ.’

ಗಿರಾಕಿ ಬಂದರು ಅಂತ ಕಾಣುತ್ತದೆ, ‘ತಡಿ’ ಅಂದು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಗೊನೆ ಎತ್ತಿದಳು; ಏದುಸಿರು ಕೇಳಿಸಿತು. ಗೆರೆ ಬಿರುಸಾಯಿತು. ಬಿರುಸಾಗಿ, ಒಮ್ಮೆಲೇ ನಿಂತಿತು. ಫೋನಿನಲ್ಲೂ ಮಾತು ನಿಂತಿತು. ಲಾರಿಯೊಂದು ಹಾದುಹೋದದ್ದು ಮಾತ್ರ ಕೇಳಿಸಿತು. ‘ಆಯಿ’ ಅಂತ ಕೂಗಿದೆ. ಗೆರೆ ಎದ್ದಿತು, ಆಮೇಲೆ ಆಕೆಯ ದನಿ.

‘ಕಣ್ಣಿಗಿ ಕತ್ತಲ ಬಂದಂಗ ಆತು. ಬಿಸಲಿಗಿ. ಮುಂಜಾನಿಂದ ಹಿಂಗೇ ಆಗಾಕತ್ತದ, ಏನಿಲ್ಲ ಬಿಡು.’

ಆಸ್ಪತ್ರೆಗೆ ಬಾ ಅಂದೆ, ಈಗಲೇ ಬಾ ಅಂದೆ. ನಕ್ಕಳು. ಮಾಲು ಎಲ್ಲ ಹಣ್ಣಾಗಿ ಕೂತಿದೆ, ಇವತ್ತು ಶೆಡ್ಡು ಬಿಟ್ಟು ಏಳುವ ಮಾತೇ ಇಲ್ಲ ಅಂದಳು. ಆಮೇಲೆ ನನ್ನ ತಲೆಯಲ್ಲಿ ಎಂಥ ಹುಳು ಹೊಕ್ಕಿತೋ. ಆಕೆ ಮಾತು ಕೇಳುವುದು ಒಬ್ಬ ಅಣ್ಣನದು ಮಾತ್ರ. ಬ್ರಹ್ಮಪುರದಲ್ಲಿರುವ ನಿವೃತ್ತ ಮಾಸ್ತರು. ತೋಟದಲ್ಲಿ ಒಮ್ಮೆ ಅವರ ಮಾತು ಕೇಳಿದ್ದೆ. ‘ತಡಿ ಆಯಿ, ನಿಮ್ಮಣ್ಣ ಇಲ್ಲೇ ಬಂದಾರ’ ಅಂದು, ಗಂಟಲು ಸರಿಮಾಡಿಕೊಂಡು ಮಾಸ್ತರ ಗೊಗ್ಗರು ದನಿ ತೆಗೆದೆ. ‘ಗುರುಬಾಯಿ, ಈ ಹುಡುಗ ಹೇಳಿದ್ದು ಕೇಳು. ಗಾಡಿ ಹತ್ತಿ ಬಾ.’ ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾದ ನಕಲು ಮಾಡಿರಲಿಲ್ಲ.

‘ದನಿ ಥೇಟ ಅವನದೇ ಅದ ನೋಡು’ ಅಂದಳು ಆಯಿ. ‘ಆದ್ರ ನಮ್ಮಣ್ಣ ಹುಟ್ಟಿದಾಗಿಂದ ನನಗ ಗುರುಬಾಯಿ ಅಂದಿಲ್ಲೋ ಖೋಡಿ. ಗುಂಡವ್ವ ಅಂತಾನ.’ ಹಾಗೆಂದು ನಗಲು ಶುರು ಮಾಡಿದಳು. ನಗೆಗೆ ಗೆರೆಯೂ ಕುಣಿಯಿತು. ಕುಣಿಯುತ್ತ ಕುಣಿಯುತ್ತ ಮತ್ತೆ ನಿಂತಿತು. ಈ ಸಲ ಹಿಂದಿನದಕ್ಕಿಂತ ಉದ್ದ.

ಆಗ ನನ್ನ ಬಾಯಿಂದ ಏನು ಬಂತೋ ನನಗೆ ಪೂರ್ತಿ ನೆನಪಿಲ್ಲ. ‘ಆಯಿ, ಬಾ. ನಾ ಕೈ ಮುಗೀತೀನಿ, ಬಾ’ ಅಂದಿರಬೇಕು. ಗೆರೆ ಎದ್ದಿತು, ಆಕೆ ಮಾತಾಡಿದಳು.

‘ಇದ್ಯಾರ ದನಿ?’

‘ನಂದೇ ಆಯಿ.’

‘ನಿಂದಾ? ಇಷ್ಟು ದಿನ ಕೇಳೇ ಇದ್ದಿಲ್ಲಲ್ಲ.’ ಏಳುವಾಗ ನರಳಿದ್ದು ಕೇಳಿಸಿತು. ‘ಬಸಣ್ಣಗ ಟೆಂಪೊ ತೆಗಿ ಅಂತೀನಿ. ಅಳಬ್ಯಾಡ.’

ಬಸಣ್ಣ ಆಕೆಯ ಮಗ. ನಾನು ಅಳುತ್ತಿದ್ದೆ ಎಂಬುದು ಆಕೆ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಆ ಹೊತ್ತಿಗೆ ಸಮೀನಾ ಬಾಗಿಲಲ್ಲಿದ್ದಳು. ಆಕೆಯ ಕೈಯನ್ನು ಎಳೆದು ನಳಿಗೆಯ ಮೇಲಿಟ್ಟೆ. ‘ನಾಟಕ್ ನಕ್ಕೋ ರೇ, ನಾಟಕ ಬ್ಯಾಡ, ಕೈ ಬಿಡು’ ಅಂದಳು. ಆಮೇಲೆ ಆಕೆಯ ಹುಬ್ಬುಗಳು ಮೇಲೇರಿದವು. ಅಷ್ಟರಲ್ಲಿ ಕರೆಂಟು ಬಂತು, ಫ್ಯಾನು ಗಿರ್ರೆಂದಿತು, ಗೆರೆ ಸಪಾಟಾಯಿತು. ನಾವಿಬ್ಬರೂ ಎಷ್ಟು ಹೊತ್ತು ನೋಡಿದರೂ ಅದು ಮತ್ತೆ ಏಳಲಿಲ್ಲ. ಆಯಿಗೆ ಮತ್ತೆ ಫೋನು ಹಚ್ಚಿದೆ. ‘ಬದುಕೀನಿ, ಟೆಂಪೊದಾಗ ಕುಂತೀನಿ, ಡೀಸೆಲ್ ವಾಸನಿಗಿ ಸಾಯ್ತೀನಿ ಅಷ್ಟ’ ಅಂದಳು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಹಳೆಯ ತಡೆ ಒಂದೆರಡು ಕಂಡವು, ಬೇರೇನೂ ಇಲ್ಲ. ಬಿಸಿಲಿಗೆ ಹೀಗಾಗುತ್ತದೆ, ನೀರು ಕುಡಿಯಲಿ, ಮನೆಗೆ ಕರೆದುಕೊಂಡು ಹೋಗಿ ಅಂದರು ಡಾಕ್ಟರು. ಆಯಿ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಬಳಿ ನಕಲು ಇಲ್ಲ. ನಾನು ಹಟ ಹಿಡಿದೆ. ಕಾರಣ ಕೇಳಿದರೆ ಹೇಳಲು ಬಾಯಿಲ್ಲ, ಆದರೂ ಬಾಗಿಲು ಬಿಟ್ಟು ಕದಲಲಿಲ್ಲ. ನನ್ನ ಪೀಡೆ ತಾಳದೆ ಡಾಕ್ಟರು ಒಂದು ದಿನವಿಡೀ ಎದೆಯ ಬಡಿತ ಬರೆದುಕೊಳ್ಳುವ ಪಟ್ಟಿಯನ್ನು ಆಕೆಗೆ ಕಟ್ಟಿದರು. ಮರುದಿನ ಅದನ್ನು ಬಿಚ್ಚಿ ನೋಡಿದವರೇ ಆಕೆಯನ್ನು ಮನೆಗೆ ಕಳಿಸಲಿಲ್ಲ. ನಡುನಡುವೆ ಎದೆ ನಿಂತು ನಿಂತು ಹೊರಡುತ್ತಿತ್ತು; ಮುಂದೊಂದು ಸಲ ನಿಂತದ್ದು ಹೊರಡದೆ ಇರಬಹುದಿತ್ತು. ಎದೆಯ ಚರ್ಮದ ಕೆಳಗೆ ಬಡಿತ ಕಾಯುವ ಒಂದು ಪುಟ್ಟ ಯಂತ್ರ ಕೂರಿಸಿದರು. ‘ನಿಮಗೆ ಅನುಮಾನ ಬಂದದ್ದು ಹೇಗೆ?’ ಅಂತ ಡಾಕ್ಟರು ಕೇಳಿದರು. ಆ ಡಾಕ್ಟರ ದನಿ ನನಗೆ ಆಗಲೇ ಕರಗತವಾಗಿತ್ತು, ಆದರೆ ಆ ಪ್ರಶ್ನೆಗೆ ಉತ್ತರ ಯಾರ ದನಿಯಲ್ಲೂ ಬರಲಿಲ್ಲ.

ಗೆರೆ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. ಮೇಡಂ ಮುಂದೆ ಇಟ್ಟೆ. ಮೊದಲು ಅವರು ನಿಜವಾಗಿಯೂ ನನ್ನ ಜೇಬು ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಹೇಳುವಾಗ ನನಗೇ ಕೇಳಿಸಿತು, ನಾನು ದನಿ ಇಳಿಸಿದ್ದೆ, ಕಣ್ಣು ಅಗಲಿಸಿದ್ದೆ, ಥೇಟು ನಮ್ಮ ಸೋದರಮಾವ. ಮೇಡಂ ಗೆರೆಯನ್ನು ಬಹಳ ಹೊತ್ತು ನೋಡಿದರು.

‘ನಿನ್ನ ಕೆಲಸದಲ್ಲೇ ಇಷ್ಟು ಚೊಕ್ಕ ಗೆರೆ ಇನ್ನೊಂದಿಲ್ಲ’ ಅಂದರು. ‘ಪಂಪ್?’

‘ಬಂದ್ ಇತ್ತು ಮೇಡಂ.’

‘ಹಾಗಿದ್ದರೆ ಇದನ್ನು ಬರೆಯುವ ಹಾಗಿಲ್ಲ.’ ಕನ್ನಡಕ ತೆಗೆದರು. ‘ಮತ್ತೊಮ್ಮೆ ಮಾಡಿ ತೋರಿಸು.’

ಅವರು ನನ್ನ ಮುಖ ನೋಡಿದರು. ಹಾಗೆ ಮತ್ತೊಮ್ಮೆ ಆಗಬೇಕೆಂದರೆ ಏನಾಗಬೇಕು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಂಡು ‘ಸರಿ, ಬೇಡ ಬಿಡು’ ಅಂದರು. ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಬೇಡ ಅಂದರೂ ತಲೆ ಕೇಳಬೇಕಲ್ಲ. ಕಾಣದ ಕಾರಣಗಳನ್ನೆಲ್ಲ ಹುಡುಕಿದೆ. ರಸ್ತೆಯ ಲಾರಿಗಳ ಅದುರು ಇರಬಹುದೇ ಅಂತ ಮೇಜನ್ನು ಬಡಿದು ನೋಡಿದೆ. ಗೆರೆ ಕೆದರಿತು, ನಡೆಯಲಿಲ್ಲ. ಬಿಸಿಲಿಗೆ ನಳಿಗೆಯೊಳಗೆ ಗಾಳಿಗುಳ್ಳೆ ಹಿಗ್ಗಿರಬಹುದೇ? ಗುಳ್ಳೆ ಇರಲಿಲ್ಲ. ಮುಟ್ಟಿದ ಬೆರಳಿನಲ್ಲಿದ್ದ ನನ್ನದೇ ನಾಡಿಯೇ? ಆದರೆ ಮುಟ್ಟುವ ಮೊದಲೇ ಗೆರೆ ಇತ್ತು. ಆ ಕಂತಿನ ದ್ರವ ಮರುದಿನ ಎಂದಿನಂತೆ ತಿಳಿಯಾಯಿತು. ಮತ್ತೆಷ್ಟು ಸಲ ಬೆಳೆಸಿದರೂ ಆ ಗೆರೆ ಬರಲಿಲ್ಲ. ಕೊನೆಗೆ ಬಾಟಲಿಯಲ್ಲಿ ಮಾರಾಟಕ್ಕೆ ಸಿಗುವ ಬೇರೆ ಯಾವುದೋ ಲೋಳೆಯ ಪುಡಿ ಕರಗಿಸಿ, ನನ್ನ ಮಹಾಪ್ರಬಂಧವನ್ನು ಹೇಗೋ ದಡ ಮುಟ್ಟಿಸಿದೆ. ಇಷ್ಟು ವರ್ಷ ಸಾಕಿದ ಬ್ಯಾಕ್ಟೀರಿಯಾಕ್ಕೆ ಅದರಲ್ಲಿ ಅರ್ಧ ಪುಟ ಸಿಕ್ಕಿತು, ಅದೂ ಬೈಗುಳದ ರೂಪದಲ್ಲಿ.

ಸಮೀನಾಳ ವಾದ ಬೇರೆ. ನಕಲು ಮಾಡುವವನಿಗೆ ಸುಳ್ಳು ದನಿ ಬೇಗ ಗೊತ್ತಾಗುತ್ತದೆ, ಸುಳ್ಳು ಹೂಂ ಅನ್ನು ಹಿಡಿದದ್ದು ನಿನ್ನ ಕಿವಿ, ಪರದೆಯಲ್ಲ ಅನ್ನುತ್ತಾಳೆ. ‘ಮತ್ತ ನೀ ಮುಟ್ಟಿದ್ದು?’ ಅಂದರೆ, ‘ನಿನ್ನ ಕೈ ನಡಗಾಕತ್ತಿತ್ತು ರೇ, ಅದೇ ಇರಬೇಕು’ ಅನ್ನುತ್ತಾಳೆ. ಇರಬೇಕು ಅನ್ನುವಾಗ ನನ್ನ ಕಡೆ ನೋಡುವುದಿಲ್ಲ. ಆಕೆಯ ಮಾತನ್ನು ನಾನು ಅಲ್ಲಗಳೆಯಲಾರೆ. ಒಪ್ಪಲೂ ಆರೆ. ನಾನು ಅದೇ ಪ್ರಯೋಗಾಲಯದಲ್ಲೇ ಉಳಿದುಕೊಂಡಿದ್ದೇನೆ; ಈಗಲೂ ಕರೆಂಟು ಹೋದಾಗ ಹೋಗಿ ಆ ಪರದೆ ನೋಡುತ್ತೇನೆ. ಸಪಾಟು ಗೆರೆ. ಹಾಳಾದ್ದು, ಒಮ್ಮೆಯಾದರೂ ಏಳಬಾರದೇ ಅಂತ ಸಿಟ್ಟು ಬರುತ್ತದೆ. ಮರುಗಳಿಗೆಗೆ, ಏಳದೆ ಇರಲಪ್ಪಾ ಅಂತ ಬೆವರುತ್ತೇನೆ. ತನ್ನ ಪ್ರಯೋಗ ಮತ್ತೆ ಆಗದಿರಲಿ ಅಂತ ಕೈಮುಗಿಯುವ ಸಂಶೋಧಕ ಇನ್ನೊಬ್ಬ ಇದ್ದರೆ ನನಗೆ ಪರಿಚಯ ಮಾಡಿಸಿ, ಇಬ್ಬರೂ ಕೂತು ಚಹಾ ಕುಡಿಯುತ್ತೇವೆ.

ಮೊನ್ನೆ ಕಮಲಾಪುರಕ್ಕೆ ಹೋಗಿದ್ದೆ. ಆಯಿ ಶೆಡ್ಡಿನಲ್ಲೇ ಇದ್ದಳು. ಎದೆ ಮುಟ್ಟಿಕೊಂಡು ‘ನನ್ನ ಪಂಪ್ ಚಾಲೂ ಅದ, ನಿಂದ ಹ್ಯಾಂಗ?’ ಅಂತ ಕೇಳಿದಳು. ಕೈ ಕೊಟ್ಟಳು, ಹಿಡಿದು ನೋಡಿದೆ. ಯಂತ್ರ ಕಾಯುವ ನಾಡಿ, ಒಂದೇ ಅಳತೆಯ ಹೆಜ್ಜೆ. ನಕಲು ಮಾಡಲು ಅದರಲ್ಲಿ ಏನೂ ಇಲ್ಲ.

‘ನನ್ನ ಹಳೇದು ನಿನಗ ನೆನಪದ ಏನೋ? ಮಾಡಿ ತೋರ್ಸು’ ಅಂದಳು.

ಹಣ್ಣಿನ ಬುಟ್ಟಿಯ ಅಂಚಿನ ಮೇಲೆ ಬೆರಳಿನಿಂದ ಬಡಿದೆ. ನಾಲ್ಕಾರು ಹೆಜ್ಜೆ, ಆತುರದ ಒಂದು ಹೆಜ್ಜೆ. ತಡೆ ಬಂತು. ಬೆರಳು ಮೇಲೆಯೇ ಇತ್ತು. ಆಯಿ ನನ್ನ ಬೆರಳನ್ನೇ ನೋಡುತ್ತಿದ್ದಳು, ರಸ್ತೆಯಲ್ಲಿ ಯಾರೋ ಕಾರು ನಿಲ್ಲಿಸಿದರು, ಆಕೆ ಆ ಕಡೆ ತಿರುಗಲಿಲ್ಲ. ನಾನು ಬೆರಳನ್ನು ಇಳಿಸಿಬಿಟ್ಟೆ.

‘ತಪ್ಪಿತು’ ಅಂದಳು. ‘ಅಲ್ಲಿ ಇನ್ನೂ ತಡೀಬೇಕಿತ್ತು.’

‘ಗೊತ್ತದ ಆಯಿ.’

‘ಗೊತ್ತಿದ್ರ ಮತ್ತ ಯಾಕ ತಡೀಲಿಲ್ಲ?’

ಅದೊಂದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಉಳಿದದ್ದಕ್ಕೆ ಇವತ್ತಿಗೂ ಇಲ್ಲ.